ಕಲ್ಲಿನಲ್ಲಿ ಉಳಿದ ರೆಕ್ಕೆಯ ಗೆರೆಗಳು

ಪದರಗಲ್ಲನ್ನು ಉಳಿಯಿಂದ ಮೆಲ್ಲಗೆ ಸೀಳಿದಾಗ ಅದೃಷ್ಟವಿದ್ದರೆ ಎರಡೂ ಹೋಳುಗಳಲ್ಲಿ ಒಂದೇ ಕೀಟದ ಪಳೆಯುಳಿಕೆ ಕಾಣಿಸುತ್ತದೆ. ಒಂದರಲ್ಲಿ ಅಚ್ಚು, ಇನ್ನೊಂದರಲ್ಲಿ ಪಡಿಯಚ್ಚು. ಕಾಲು, ಮೀಸೆ, ಹೊಟ್ಟೆ ಬಹಳ ಸಲ ಅಪ್ಪಚ್ಚಿಯಾಗಿರುತ್ತವೆ, ಇಲ್ಲವೇ ಇರುವುದೇ ಇಲ್ಲ. ಗಟ್ಟಿಯಾಗಿ ಉಳಿಯುವುದು ರೆಕ್ಕೆ. ಹಾಗಾಗಿ ಈ ಹುಳು ಯಾರ ಪೈಕಿ ಎಂದು ಕೇಳಬೇಕಾದದ್ದು ರೆಕ್ಕೆಯ ಮೇಲೆ ಗೆರೆಗಳಂತೆ ಕಾಣುವ ನಾಳಗಳನ್ನು. ಯಾವ ನಾಳ ಎಲ್ಲಿ ಕವಲೊಡೆದಿದೆ, ಯಾವುದು ಯಾವುದನ್ನು ಸೇರಿದೆ ಎಂಬುದರಲ್ಲೇ ಕುಲದ ಗುರುತಿದೆ. 1898ರಲ್ಲಿ ಕಾಮ್‌ಸ್ಟಾಕ್ ಮತ್ತು ನೀಡ್ಹಮ್ ಎಂಬ ಕೀಟವಿಜ್ಞಾನಿಗಳು ಎಲ್ಲ ಕೀಟಗಳಿಗೂ ಹೊಂದುವಂತೆ ಈ ನಾಳಗಳಿಗೆ ಹೆಸರಿಡಲು ಹೊರಟರು. ಅವರ ಪದ್ಧತಿ ತಿದ್ದುಪಡಿಗಳೊಂದಿಗೆ ಇಂದಿಗೂ ಬಳಕೆಯಲ್ಲಿದೆ.

ಆದರೆ ಗೆರೆ ಓದುವುದು ಸುಲಭವಲ್ಲ. ಏರೋಪ್ಲೇನ್ ಚಿಟ್ಟೆಯ ರೆಕ್ಕೆ ಚಪ್ಪಟೆ ಹಾಳೆಯಲ್ಲ. ಕೆಲವು ನಾಳ ಏಣಿನ ಮೇಲೆ, ಕೆಲವು ತಗ್ಗಿನಲ್ಲಿ ಹರಿಯುತ್ತವೆ. ಪಡಿಯಚ್ಚಿನಲ್ಲಿ ಏಣು ತಗ್ಗಾಗುತ್ತದೆ, ತಗ್ಗು ಏಣಾಗುತ್ತದೆ. ಅದಕ್ಕೇ ಸೂಕ್ಷ್ಮದರ್ಶಕದಡಿ ಬೆಳಕನ್ನು ಓರೆಯಾಗಿ ಬಿಟ್ಟು, ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಒಂದೆರಡು ತೊಟ್ಟು ಆಲ್ಕೊಹಾಲ್ ಹಾಕಿದರೆ ಮಸುಕಾಗಿದ್ದ ಜಾಲ ಕಪ್ಪಗೆ ಎದ್ದು ಬರುತ್ತದೆ, ಆರಿದೊಡನೆ ಮತ್ತೆ ಮಂಕಾಗುತ್ತದೆ. ಆ ಕೆಲವು ಕ್ಷಣಗಳಿಗಿಂತ ಸುಂದರವಾದದ್ದು ಈ ಕೆಲಸದಲ್ಲಿ ಬೇರೊಂದಿಲ್ಲ ಎಂದೇ ನನ್ನ ನಂಬಿಕೆ.

ಮೇಲ್ನೋಟವನ್ನು ನೆಚ್ಚಿದರೆ ಮೋಸ ಹೋಗುತ್ತೇವೆ. ಚೀನಾ, ಕಜಾಕಿಸ್ತಾನಗಳ ಜುರಾಸಿಕ್ ಶಿಲೆಗಳಲ್ಲಿ ಕ್ಯಾಲಿಗ್ರಾಮಟಿಡ್ ಎಂಬ ಕೀಟಗಳು ಸಿಕ್ಕಿವೆ. ಅಗಲವಾದ ರೆಕ್ಕೆ, ಅದರ ಮೇಲೆ ಕಣ್ಣಿನಂಥ ಚುಕ್ಕೆ, ಮಕರಂದ ಹೀರಬಲ್ಲ ಉದ್ದ ಸೊಂಡಿಲು. ಯಾರೇ ನೋಡಿದರೂ ಚಿಟ್ಟೆ ಎಂದುಬಿಡುತ್ತಾರೆ. ನಾಳಗಳು ಮಾತ್ರ ಬೇರೆಯೇ ಹೇಳುತ್ತವೆ: ಇವು ಲೇಸ್‌ವಿಂಗ್ ಎಂಬ ಜಾಲರಿ ರೆಕ್ಕೆಯ ಕೀಟಗಳ ಬಳಗದವು, ಚಿಟ್ಟೆಗಳು ಹುಟ್ಟುವ ಕೋಟ್ಯಂತರ ವರ್ಷ ಮೊದಲೇ ಆ ವೇಷ ತೊಟ್ಟವು.

ನಾಳಗಳೂ ದಾರಿ ತಪ್ಪಿಸುವುದುಂಟು. ಒಂದೇ ಜಿರಳೆಯ ಎಡ ರೆಕ್ಕೆಗೂ ಬಲ ರೆಕ್ಕೆಗೂ ಕವಲುಗಳು ಸರಿಹೊಂದದಿರಬಹುದು. ಮೇಲಿನ ಕಲ್ಲಿನ ಭಾರಕ್ಕೆ ರೆಕ್ಕೆ ಒಂದು ಕಡೆ ಜಗ್ಗಿ ಉದ್ದವಾಗಿರಬಹುದು. ಬಿಡಿ ರೆಕ್ಕೆಯೊಂದನ್ನೇ ನೆಚ್ಚಿ ಹೊಸ ಪ್ರಭೇದ ಘೋಷಿಸುವ ಮುನ್ನ ಹತ್ತಾರು ಮಾದರಿಗಳನ್ನು ಪಕ್ಕಪಕ್ಕ ಇಟ್ಟು ನೋಡಲೇಬೇಕು.

ರೆಕ್ಕೆಯೇ ಸಿಗದಿದ್ದರೆ? ಸ್ಕಾಟ್ಲೆಂಡಿನ ರೈನಿ ಎಂಬಲ್ಲಿನ ಸುಮಾರು 41 ಕೋಟಿ ವರ್ಷ ಹಳೆಯ ಶಿಲೆಯಲ್ಲಿ ಪುಟ್ಟದೊಂದು ಜೊತೆ ದವಡೆ ಸಿಕ್ಕಿತ್ತು. 1928ರಲ್ಲಿ ಅದಕ್ಕೆ ರೈನಿಯೋಗ್ನಾತ ಎಂದು ಹೆಸರಾಯಿತು. 2004ರಲ್ಲಿ ಎಂಗೆಲ್ ಮತ್ತು ಗ್ರಿಮಾಲ್ಡಿ ಎಂಬ ಕೀಟವಿಜ್ಞಾನಿಗಳು ಆ ದವಡೆಯ ಕೀಲುಗಳನ್ನು ಪರೀಕ್ಷಿಸಿ, ಇದು ಕೀಟವೇ, ಬಹುಶಃ ರೆಕ್ಕೆಯೂ ಇದ್ದೀತು ಎಂದರು. 2017ರಲ್ಲಿ ಅದೇ ದವಡೆಯನ್ನು ನೋಡಿದ ಬೇರೆಯವರು, ಇದು ಶತಪದಿಯ ಬಂಧುವಾಗಿರಬಹುದು ಎಂದರು. ರೆಕ್ಕೆಯ ಒಂದು ಚೂರು ಜೊತೆಗಿದ್ದಿದ್ದರೆ ಇಷ್ಟು ವಾದವೇ ಬೇಕಿರಲಿಲ್ಲ.