ಪದ ಪರಿಚಯ: ಟಿಎಕ್ಸ್ ಟೈಮ್‌ಔಟ್

ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಬಹುತೇಕರು ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬರೆಯುವ ಲಾಗ್‌ನಲ್ಲಿ ಈ ಸಾಲನ್ನು ಒಮ್ಮೆಯಾದರೂ ಕಂಡಿರುತ್ತಾರೆ: "ನೆಟ್‌ಡೆವ್ ವಾಚ್‌ಡಾಗ್: ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್". ಹಳೆಯ ಕರ್ನಲ್ ಆದರೆ ಅದರ ಕೆಳಗೆ ಉದ್ದನೆಯ ಕಾಲ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಬೇರೆ. ಸಿಸ್ಟಮ್ಮೇ ಹೋಯಿತೇನೋ ಎಂದು ಎದೆ ಧಸಕ್ಕೆನ್ನುತ್ತದೆ. ಹೋಗಿರುವುದಿಲ್ಲ. ಆ ಟ್ರೇಸ್‌ನಲ್ಲಿ ಕಾಣುವುದು ಬರೀ ಟೈಮರ್ ಕೋಡ್. ವಾಚ್‌ಡಾಗ್ ಎಂದರೆ ಕಾವಲು ನಾಯಿ; ನಾಯಿ ಬೊಗಳಿದ ಜಾಗ ಅದು, ಕಳ್ಳ ನುಗ್ಗಿದ ಜಾಗವಲ್ಲ.

ಇಷ್ಟಕ್ಕೂ ಅವಧಿ ಮೀರಿದ್ದು ಯಾವುದರದು? ನೆಟ್‌ವರ್ಕ್ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಪ್ಯಾಕೆಟ್ಟನ್ನು ತಾನೇ ತಂತಿಗೆ ಇಳಿಸುವುದಿಲ್ಲ. ಮೆಮೊರಿಯಲ್ಲಿ ಟಿಎಕ್ಸ್ (ಟ್ರಾನ್ಸ್‌ಮಿಟ್, ಅಂದರೆ ರವಾನೆ) ರಿಂಗ್ ಎಂಬ ವರ್ತುಲದಂಥ ಪಟ್ಟಿ ಇರುತ್ತದೆ. "ಈ ವಿಳಾಸದಲ್ಲಿ ಇಷ್ಟು ಬೈಟ್ ಇದೆ, ಕಳಿಸು" ಎಂದು ಡ್ರೈವರ್ ಅದರಲ್ಲಿ ಬರೆದಿಟ್ಟು ಕಾರ್ಡಿಗೆ ಸೂಚನೆ ಕೊಡುತ್ತದೆ. ಕಾರ್ಡು ಡಿಎಂಎ ಮೂಲಕ (ಸಿಪಿಯು ನೆರವಿಲ್ಲದೆ ನೇರವಾಗಿ ಮೆಮೊರಿಯಿಂದ) ಅದನ್ನು ಓದಿ, ಕಳಿಸಿ, "ಮುಗಿಯಿತು" ಎಂದು ಗುರುತು ಹಾಕುತ್ತದೆ. ರಿಂಗ್ ತುಂಬಿದರೆ ಡ್ರೈವರ್ ಕ್ಯೂ (ಕಳಿಸಲು ಕಾದಿರುವ ಪ್ಯಾಕೆಟ್ಟುಗಳ ಸಾಲು) ನಿಲ್ಲಿಸುತ್ತದೆ, ಜಾಗ ಖಾಲಿಯಾದಾಗ ಮತ್ತೆ ತೆರೆಯುತ್ತದೆ. ಲಿಂಕ್ ಇದ್ದೂ, ನಿಂತ ಕ್ಯೂ ನಿಂತೇ ಇದ್ದರೆ ಕರ್ನಲ್ಲಿನ ವಾಚ್‌ಡಾಗ್ ಎಚ್ಚರಗೊಳ್ಳುತ್ತದೆ. ಡ್ರೈವರ್ ಬೇರೆ ಗಡುವು ಹೇಳದಿದ್ದರೆ 5 ಸೆಕೆಂಡು ಕಾಯುತ್ತದೆ. ಅಷ್ಟರಲ್ಲೂ ಏನೂ ಆಗದಿದ್ದರೆ, ಅದೇ ಟಿಎಕ್ಸ್ ಟೈಮ್‌ಔಟ್.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ವಾಚ್‌ಡಾಗ್ ಡ್ರೈವರಿನ ಒಂದು ಫಂಕ್ಷನ್ನನ್ನು ಕರೆದು ಸುಮ್ಮನಾಗುತ್ತದೆ. ರಿಸೆಟ್ ಮಾಡುವ ಹೊಣೆ ಡ್ರೈವರಿನದು. ಟೈಮರ್ ಓಡುವ ಸಂದರ್ಭದಲ್ಲಿ ಕೋಡ್ ನಿದ್ರಿಸುವಂತಿಲ್ಲ, ಅಂದರೆ ತಡೆದು ಕಾಯುವಂತಿಲ್ಲ, ರಿಸೆಟ್‌ಗಾದರೋ ಹಾರ್ಡ್‌ವೇರಿಗಾಗಿ ಕಾಯಲೇಬೇಕು. ಹಾಗಾಗಿ ಹೆಚ್ಚಿನ ಡ್ರೈವರುಗಳು ಆ ಕೆಲಸವನ್ನು ವರ್ಕ್‌ಕ್ಯೂಗೆ (ಆಮೇಲೆ ಮಾಡುವ, ಕಾಯಲು ಅವಕಾಶವಿರುವ ಕೆಲಸಗಳ ಸಾಲಿಗೆ) ದಾಟಿಸಿ ಹಿಂತಿರುಗುತ್ತವೆ.

ರಿಸೆಟ್ ಎಂದರೆ ಕಾರ್ಡಿನ ಒಂದು ರಿಜಿಸ್ಟರಿನಲ್ಲಿ (ಪುಟ್ಟ ನಿಯಂತ್ರಣ ಕೋಶದಲ್ಲಿ) ಒಂದು ಬಿಟ್ ಬರೆಯುವುದು ಅಷ್ಟೇ ಎಂದುಕೊಂಡವರಿದ್ದಾರೆ. ಬಿಟ್ ಬರೆಯುವುದು ಸುಲಭ. ಅದರ ಹಿಂದುಮುಂದಿನದೇ ಕಷ್ಟ. ಮೊದಲು ಕ್ಯೂ, ನಾಪಿ (ಪ್ಯಾಕೆಟ್ಟುಗಳನ್ನು ಒಟ್ಟೊಟ್ಟಿಗೆ ಎತ್ತಿಕೊಳ್ಳುವ ಕರ್ನಲ್ ವ್ಯವಸ್ಥೆ), ಇಂಟರಪ್ಟು (ಕಾರ್ಡು ಸಿಪಿಯುವಿಗೆ ಕೊಡುವ ಕರೆ) ನಿಲ್ಲಬೇಕು. ಆಮೇಲೆ ಕಾರ್ಡಿನ ಡಿಎಂಎ ನಿಜಕ್ಕೂ ನಿಂತಿದೆ ಎಂದು ಖಚಿತವಾಗಬೇಕು. ಅದಾದ ಮೇಲಷ್ಟೇ ಬಫರುಗಳನ್ನು ಬಿಡುಗಡೆ ಮಾಡಬಹುದು. ಈ ಕ್ರಮ ತಪ್ಪಿತೆಂದುಕೊಳ್ಳಿ: ಡ್ರೈವರ್ ಬಿಟ್ಟುಕೊಟ್ಟ ಮೆಮೊರಿ ಪುಟವನ್ನು ಕರ್ನಲ್ ಇನ್ನಾವುದೋ ಪ್ರೋಗ್ರಾಮಿಗೆ ಕೊಟ್ಟಿರುತ್ತದೆ, ಕಾರ್ಡು ಹಳೆಯ ವಿಳಾಸಕ್ಕೇ ಬಂದ ಪ್ಯಾಕೆಟ್ ಸುರಿಯುತ್ತಿರುತ್ತದೆ. ಗಂಟೆಗಟ್ಟಲೆ ಕಳೆದ ಮೇಲೆ ಸಂಬಂಧವೇ ಇಲ್ಲದ ಪ್ರೋಗ್ರಾಮ್ ಕುಸಿಯುತ್ತದೆ, ಯಾರೂ ನೆಟ್‌ವರ್ಕ್ ಕಾರ್ಡಿನತ್ತ ನೋಡುವುದಿಲ್ಲ. ಐಒಎಂಎಂಯು (ಕಾರ್ಡು ಯಾವ ಮೆಮೊರಿ ಮುಟ್ಟಬಹುದೆಂದು ನಿಯಂತ್ರಿಸುವ ಹಾರ್ಡ್‌ವೇರ್) ಚಾಲೂ ಇದ್ದರೆ ಇಂಥದ್ದನ್ನು ಬಾಗಿಲಲ್ಲೇ ತಡೆಯಬಹುದು.

ರಿಸೆಟ್ ಆದ ಕಾರ್ಡಿಗೆ ಹಳೆಯದೇನೂ ನೆನಪಿರುವುದಿಲ್ಲ. ಮ್ಯಾಕ್ ವಿಳಾಸದ (ಕಾರ್ಡಿನ ಗುರುತಿನ) ಫಿಲ್ಟರ್, ವಿಲ್ಯಾನ್ (ಒಂದೇ ಜಾಲದೊಳಗಿನ ಪ್ರತ್ಯೇಕ ಜಾಲಗಳು), ಮಲ್ಟಿಕಾಸ್ಟ್ (ಒಂದು ಗುಂಪಿಗೆ ಕಳಿಸುವ ಪ್ಯಾಕೆಟ್ಟುಗಳ) ಪಟ್ಟಿ, ಆಫ್‌ಲೋಡ್ (ಸಿಪಿಯು ಬದಲು ಕಾರ್ಡೇ ಮಾಡುವ ಕೆಲಸಗಳ) ಆಯ್ಕೆಗಳು ಎಲ್ಲವನ್ನೂ ಡ್ರೈವರೇ ಮತ್ತೆ ಹೇಳಿಕೊಡಬೇಕು. ಒಂದನ್ನು ಮರೆತರೂ "ರಿಸೆಟ್ ಆದ ಮೇಲೆ ಎಲ್ಲ ಸರಿ, ಮಲ್ಟಿಕಾಸ್ಟ್ ಮಾತ್ರ ಬರುತ್ತಿಲ್ಲ" ಎಂಬಂಥ ವಿಚಿತ್ರ ದೂರು ಹುಟ್ಟುತ್ತದೆ. ರಿಂಗಿನಲ್ಲಿ ಸಿಕ್ಕಿಕೊಂಡಿದ್ದ ಪ್ಯಾಕೆಟ್ಟುಗಳು ಹೋದವು ಅಂತಲೇ ಲೆಕ್ಕ. ಟಿಸಿಪಿ ಮತ್ತೆ ಕಳಿಸುತ್ತದೆ, ಯುಡಿಪಿ ಕಳಿಸುವುದಿಲ್ಲ.

ಕಾರ್ಡು ಬಸ್ಸಿನಿಂದಲೇ (ಅದನ್ನು ಕಂಪ್ಯೂಟರಿಗೆ ಜೋಡಿಸುವ ಮಾರ್ಗದಿಂದಲೇ) ಕಳಚಿಕೊಂಡಿದ್ದರೆ ಕಥೆಯೇ ಬೇರೆ. ಯಾವ ರಿಜಿಸ್ಟರ್ ಓದಿದರೂ ಸಾಮಾನ್ಯವಾಗಿ ಎಲ್ಲ ಬಿಟ್ಟುಗಳೂ 1 ಆಗಿ ಬರುತ್ತವೆ. "ಈ ಬಿಟ್ 0 ಆಗುವ ತನಕ ಕಾಯಿ" ಎಂದು ಮಿತಿಯಿಲ್ಲದ ಲೂಪ್ ಬರೆದಿದ್ದರೆ ಅದು ಮುಗಿಯುವುದೇ ಇಲ್ಲ. ಪಿಸಿಐ ಎಕ್ಸ್‌ಪ್ರೆಸ್ ಎಂಬ ಬಸ್ಸಿನಲ್ಲಿ ಇಂಥ ದೋಷಗಳನ್ನು ವರದಿ ಮಾಡಲು ಎಇಆರ್ ಎಂಬ ವ್ಯವಸ್ಥೆ ಇದೆ: ದೋಷ ಕಂಡಿತು, ಸ್ಲಾಟ್ ರಿಸೆಟ್ ಆಯಿತು, ಮುಂದುವರಿ ಎಂದು ಕರ್ನಲ್ ಹಂತಹಂತವಾಗಿ ಡ್ರೈವರನ್ನು ಕರೆಯುತ್ತದೆ.

ಹಾರ್ಡ್‌ವೇರ್ ನೆಟ್ಟಗಿದ್ದೂ ಟೈಮ್‌ಔಟ್ ಬರಬಹುದು ಎಂಬುದನ್ನು ಅನುಭವಸ್ಥರೂ ಮರೆಯುತ್ತಾರೆ. ಎದುರಿನ ಸ್ವಿಚ್ ಒಂದೇ ಸಮನೆ ಪಾಝ್ ಫ್ರೇಮ್ ("ಸ್ವಲ್ಪ ಹೊತ್ತು ಕಳಿಸಬೇಡ" ಎಂಬ ಸಂದೇಶ) ಕಳಿಸುತ್ತಿದ್ದರೆ ಕಾರ್ಡು ಆಜ್ಞೆ ಪಾಲಿಸಿ ಸುಮ್ಮನಿರುತ್ತದೆ, ರಿಂಗ್ ತುಂಬುತ್ತದೆ, ನಾಯಿ ಬೊಗಳುತ್ತದೆ. ಆಗ ರಿಸೆಟ್ ಮೇಲೆ ರಿಸೆಟ್ ಮಾಡುವುದು ವ್ಯರ್ಥ. ಕಾರ್ಡಿನ ಅಂಕಿಅಂಶ ತೋರಿಸುವ ಇಥ್‌ಟೂಲ್ ಆದೇಶದಲ್ಲಿ ಎಕ್ಸ್‌ಆಫ್ (ಬಂದ ಪಾಝ್ ಸಂದೇಶಗಳ) ಎಣಿಕೆ ಏರುತ್ತಿದೆಯೇ ಎಂದು ಮೊದಲು ನೋಡಿ. ಕಾರ್ಡು ಬದಲಿಸುವ ಮಾತು ಆಮೇಲೆ.

ಇನ್ನೊಂದು ವಿಷಯ: ಹಳೆಯ ಕರ್ನಲ್‌ಗಳು ಆ ಎಚ್ಚರಿಕೆಯನ್ನು ಬೂಟ್ ಆದ ಮೇಲೆ ಒಂದೇ ಒಂದು ಸಲ ಮುದ್ರಿಸುತ್ತಿದ್ದವು. ಲಾಗ್‌ನಲ್ಲಿ ಒಂದೇ ಸಾಲಿದೆ ಎಂದ ಮಾತ್ರಕ್ಕೆ ಒಂದೇ ಸಲ ಆಗಿದೆ ಎಂದಲ್ಲ. ನಿಜವಾದ ಲೆಕ್ಕ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಕಡತಗಳಾಗಿ ತೋರಿಸುವ ಜಾಗದಲ್ಲಿ), ಪ್ರತಿ ಕ್ಯೂವಿನ ಕೆಳಗಿರುವ ಟಿಎಕ್ಸ್ ಟೈಮ್‌ಔಟ್ ಕಡತದಲ್ಲಿ ಸಿಗುತ್ತದೆ.