ರಾತ್ರಿ ಟ್ರೇಲ್‌ಗೆ ಎಷ್ಟು ಲ್ಯೂಮೆನ್ ಬೇಕು? ಲೈಟ್ ಹ್ಯಾಂಡಲ್‌ಗೋ, ಹೆಲ್ಮೆಟ್‌ಗೋ?

ಪ್ರಶ್ನೆ: ನನ್ನ ಹತ್ತಿರ ಹಾರ್ಡ್‌ಟೇಲ್ ಎಂಟಿಬಿ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಬೈಕ್) ಇದೆ. ಊರೊಳಗಿನ ಓಡಾಟಕ್ಕೆ 400 ಲ್ಯೂಮೆನ್‌ನ (ಬೆಳಕಿನ ಅಳತೆ) ಲೈಟ್ ಹಾಕಿದ್ದೇನೆ. ಈಗ ಬೆಳಗಿನ ಜಾವ ನಾಲ್ಕೂವರೆಗೆ ಹೊರಟು ಮಣ್ಣಿನ ದಾರಿ, ಸಿಂಗಲ್‌ಟ್ರ್ಯಾಕ್ (ಒಂದೇ ಸೈಕಲ್ ಹಿಡಿಸುವ ಕಾಲುದಾರಿ) ತುಳಿಯುವ ಗುಂಪೊಂದಕ್ಕೆ ಸೇರಿದ್ದೇನೆ. ಆನ್‌ಲೈನ್‌ನಲ್ಲಿ ನೋಡಿದರೆ 1000ದಿಂದ 10,000 ಲ್ಯೂಮೆನ್‌ವರೆಗೂ ಲೈಟುಗಳಿವೆ. ನನಗೆ ಎಷ್ಟು ಬೇಕು? ಹ್ಯಾಂಡಲ್‌ಗೆ ಹಾಕಲೇ, ಹೆಲ್ಮೆಟ್‌ಗೆ ಹಾಕಲೇ?

ಉತ್ತರ: ಎರಡಕ್ಕೂ ಹಾಕಿ. ಹ್ಯಾಂಡಲ್‌ಗೆ ಅಗಲವಾಗಿ ಹರಡುವ, ನಿಜವಾದ 1000ದಿಂದ 1500 ಲ್ಯೂಮೆನ್‌ನ ಲೈಟ್. ಹೆಲ್ಮೆಟ್‌ಗೆ ಕಿರಿದಾದ ಬೀಮ್ (ಬೆಳಕಿನ ಕಿರಣಪುಂಜ) ಇರುವ, 600ರಿಂದ 800 ಲ್ಯೂಮೆನ್‌ನ ಹಗುರ ಲೈಟ್. ಎರಡಕ್ಕೂ ಬೇರೆ ಬೇರೆ ಬ್ಯಾಟರಿ ಇರಲಿ. ಇದಕ್ಕಿಂತ ಹೆಚ್ಚು ಬೆಳಕು ಬೇಕಾಗುವುದು ರೇಸ್ ವೇಗದಲ್ಲಿ ಇಳಿಯುವವರಿಗೆ ಮಾತ್ರ. ನಿಮ್ಮ 400 ಲ್ಯೂಮೆನ್ ಲೈಟನ್ನು ಎಸೆಯಬೇಡಿ, ಅದಕ್ಕೂ ಕೆಲಸವಿದೆ.

ಎರಡು ಏಕೆ ಎನ್ನುವುದೇ ಇಲ್ಲಿ ಮುಖ್ಯ. ಕತ್ತಲಲ್ಲಿ ನೆಲದ ಉಬ್ಬುತಗ್ಗು ನಮಗೆ ತಿಳಿಯುವುದು ನೆರಳಿನಿಂದ. ಹ್ಯಾಂಡಲ್ ಲೈಟ್ ನೆಲದಿಂದ ಸುಮಾರು 1 ಮೀಟರ್ ಎತ್ತರದಲ್ಲಿರುತ್ತದೆ, ಸವಾರನ ಕಣ್ಣು ಸುಮಾರು 1.6 ಮೀಟರ್‌ನಲ್ಲಿ. 10 ಮೀಟರ್ ಮುಂದೆ 10 ಸೆಂ.ಮೀ. ಎತ್ತರದ ಕಲ್ಲೊಂದು ಇದೆ ಎಂದುಕೊಳ್ಳಿ. ಹ್ಯಾಂಡಲ್ ಲೈಟಿಗೆ ಅದರ ನೆರಳು 1.1 ಮೀಟರ್ ಉದ್ದ ಬೀಳುತ್ತದೆ, ಅದರಲ್ಲಿ ಹೆಚ್ಚುಕಡಿಮೆ 45 ಸೆಂ.ಮೀ. ಕಲ್ಲಿನ ಮೇಲಿನಿಂದ ನಮ್ಮ ಕಣ್ಣಿಗೆ ಕಾಣುತ್ತದೆ. ಆ ಕಪ್ಪು ಪಟ್ಟಿಯೇ ಅಲ್ಲಿ ಕಲ್ಲಿದೆ ಎಂದು ಹೇಳುವುದು. ಅದೇ ಕಲ್ಲಿಗೆ ಹೆಲ್ಮೆಟ್ ಲೈಟ್ ಹಾಯಿಸಿದರೆ, ಲೈಟ್ ಕಣ್ಣಿಗಿಂತ ಮೇಲಿರುವುದರಿಂದ ನೆರಳು ಪೂರ್ತಿ ಕಲ್ಲಿನ ಹಿಂದೆ ಅಡಗಿಬಿಡುತ್ತದೆ. ಬರೀ ಹೆಲ್ಮೆಟ್ ಲೈಟಿನಲ್ಲಿ ಇಳಿಯುವವರು ದಾರಿ ಚಪ್ಪಟೆಯಾಗಿ ಕಾಣುತ್ತದೆ, ಗುಂಡಿ ಗೊತ್ತೇ ಆಗುವುದಿಲ್ಲ ಎನ್ನುವುದು ಇದಕ್ಕೇ. ಅಲ್ಲಿ ಬೆಳಕಿಗೆ ಕೊರತೆಯಿಲ್ಲ, ನೆರಳು ಕಾಣುತ್ತಿಲ್ಲ ಅಷ್ಟೇ.

ಹಾಗಾದರೆ ಹ್ಯಾಂಡಲ್ ಲೈಟೊಂದೇ ಸಾಲದೇ? ನೇರ ದಾರಿಯಲ್ಲಿ ಸಾಕು. ಹಿಮ್ಮುರಿ ತಿರುವು ಬಂದಾಗ ಕೈಕೊಡುತ್ತದೆ. ಮುಂಚಕ್ರ ಎತ್ತ ತಿರುಗಿದೆಯೋ ಅದರ ಬೆಳಕೂ ಅತ್ತಲೇ, ನೀವು ನೋಡಬೇಕಾದದ್ದು ತಿರುವಿನಾಚೆ. ದಿಬ್ಬದ ನೆತ್ತಿಯಲ್ಲಿ ಬೀಮ್ ಆಕಾಶಕ್ಕೆ ಹೋಗಿ, ಚಕ್ರ ಕೆಳಗೆ ಬಾಗುವ ತನಕ ಇಳಿಜಾರು ಕಾಣುವುದಿಲ್ಲ. ಜೋರಾಗಿ ಬ್ರೇಕ್ ಹಿಡಿದರೆ ಫೋರ್ಕ್ (ಮುಂಚಕ್ರ ಹಿಡಿದಿರುವ ಸಸ್ಪೆನ್ಷನ್ ಕವಲು) ಕುಸಿದು ಬೀಮ್ ಗಾಲಿಯ ಮುಂದಕ್ಕೇ ಬಂದು ಬೀಳುತ್ತದೆ. ಈ ಮೂರು ಜಾಗದಲ್ಲೂ ಕಣ್ಣು ಹೋದ ಕಡೆಗೇ ಹೋಗುವ ಹೆಲ್ಮೆಟ್ ಲೈಟ್ ಬೇಕೇ ಬೇಕು.

ತುಂಬಾ ಜನ ಎಡವುವುದು ಇವೆರಡರ ಪ್ರಮಾಣದಲ್ಲಿ. ಇರುವುದರಲ್ಲಿ ಬಲವಾದ ಲೈಟನ್ನು ತಲೆಗೆ ಕಟ್ಟಿ, ಸಣ್ಣದನ್ನು ಹ್ಯಾಂಡಲ್‌ಗೆ ಹಾಕುತ್ತಾರೆ. ಆಗ ಮೇಲಿನ ಬೆಳಕು ಕೆಳಗಿನ ಲೈಟ್ ಮೂಡಿಸಿದ ನೆರಳನ್ನೆಲ್ಲ ತೊಳೆದುಹಾಕುತ್ತದೆ, ಎರಡು ಲೈಟ್ ಇದ್ದೂ ದಾರಿ ಮತ್ತೆ ಚಪ್ಪಟೆ. ಹತ್ತಿರದ ನೆಲದ ಮೇಲೆ ಹ್ಯಾಂಡಲ್ ಲೈಟೇ ಮೇಲುಗೈಯಾಗಿರಬೇಕು. ಹೆಲ್ಮೆಟ್ ಬೀಮ್ ಕಿರಿದಾಗಿ ದೂರಕ್ಕೆ ಬೀಳಬೇಕು.

ಒಂದನ್ನೇ ಕೊಳ್ಳಲು ದುಡ್ಡಿದ್ದರೆ? ಎತ್ತಿನಗಾಡಿ ದಾರಿ, ಜೀಪ್ ದಾರಿ, ಕೆರೆ ಏರಿಯಂಥ ಕಡೆ ಓಡಿಸುವವರು ಮೊದಲು ಹ್ಯಾಂಡಲ್ ಲೈಟ್ ಕೊಳ್ಳಲಿ. ಬರೀ ತಿರುವುಮುರುವಿನ ಸಿಂಗಲ್‌ಟ್ರ್ಯಾಕ್ ಆದರೆ ಹೊಸ ಲೈಟನ್ನು ಹೆಲ್ಮೆಟ್‌ಗೆ ಹಾಕಿ, ಹಳೆಯ 400 ಲ್ಯೂಮೆನ್‌ನದನ್ನು ಹ್ಯಾಂಡಲ್‌ಗೆ ಕಟ್ಟಿ. ಆದರೆ ಹೆಲ್ಮೆಟ್‌ನದನ್ನು ಪೂರ್ತಿ ಏರಿಸದೆ ಮಧ್ಯಮ ಮೋಡ್‌ನಲ್ಲಿಟ್ಟು, ನಿಧಾನವಾಗಿ ಓಡಿಸಿ.

ಇನ್ನು ಪೆಟ್ಟಿಗೆಯ ಮೇಲಿನ ಸಂಖ್ಯೆಗಳು. ಲ್ಯೂಮೆನ್ ಎಂದರೆ ಲೈಟಿನಿಂದ ಹೊರಬೀಳುವ ಒಟ್ಟು ಬೆಳಕು. ಅದು ಎಷ್ಟು ದೂರ ತಲುಪುತ್ತದೆ ಎನ್ನುವುದನ್ನು ಹೇಳುವುದು ಕ್ಯಾಂಡೆಲಾ. ಪೈಪಿನಿಂದ ಬರುವ ನೀರು ಅಷ್ಟೇ ಇದ್ದರೂ ಬಾಯಿ ಒತ್ತಿ ಹಿಡಿದರೆ ದೂರ ಚಿಮ್ಮುವಂತೆ, ಲೆನ್ಸ್ ಬೀಮನ್ನು ಕಿರಿದು ಮಾಡಿದಷ್ಟೂ ಕ್ಯಾಂಡೆಲಾ ಏರುತ್ತದೆ. ಎಷ್ಟು ದೂರ ಕಾಣಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ. ಕತ್ತಲಲ್ಲಿ ಅಡ್ಡಿಯನ್ನು ಗುರುತಿಸಿ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿಯಿರಿ, ಸಡಿಲ ಮಣ್ಣಿನಲ್ಲಿ ಸಾಧಾರಣ ಹಿಡಿತ ಹಿಡಿಯಿರಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ನಿಲ್ಲಲು ಸುಮಾರು 12 ಮೀಟರ್ ಬೇಕು, 30ರಲ್ಲಿ 21, 40ರಲ್ಲಿ 32. ಅಂದರೆ ಟ್ರೇಲ್ ಸವಾರನಿಗೆ 30 ಮೀಟರ್‌ವರೆಗೆ ಚೆನ್ನಾಗಿ ಕಂಡರೆ ಸಾಕು. ಅಲ್ಲಿ 10 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಬಿದ್ದರೆ ಕಲ್ಲು, ಬೇರು ಬಿಡಿಬಿಡಿಯಾಗಿ ಕಾಣುತ್ತವೆ, ಅದಕ್ಕೆ ಬೇಕಾದದ್ದು 30 × 30 × 10, ಅಂದರೆ 9000 ಕ್ಯಾಂಡೆಲಾ.

ಕ್ಯಾಂಡೆಲಾವನ್ನು ಬರೆಯದ ಕಂಪನಿಗಳೂ ಬೀಮ್ ದೂರವನ್ನು ದೊಡ್ಡದಾಗಿ ಬರೆಯುತ್ತವೆ. ಟಾರ್ಚ್‌ನಂಥ ಲೈಟುಗಳನ್ನು ಅಳೆಯುವ ಆನ್ಸಿ ಎಫ್‌ಎಲ್1 ಎಂಬ ಮಾನದಂಡದ ಪ್ರಕಾರ, ಬೆಳಕು 0.25 ಲಕ್ಸ್‌ಗೆ, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಇಳಿಯುವ ದೂರವೇ ಬೀಮ್ ದೂರ. ಆ ದೂರದಲ್ಲಿ ಸೈಕಲ್ ಓಡಿಸುವಷ್ಟೇನೂ ಕಾಣದು. ಆದರೆ ಸಂಖ್ಯೆ ಉಪಯೋಗಕ್ಕೆ ಬರುತ್ತದೆ: ದೂರವನ್ನು ಅದರಿಂದಲೇ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಕ್ಯಾಂಡೆಲಾ ಸಿಗುತ್ತದೆ. 200 ಮೀಟರ್ ಎಂದಿದ್ದರೆ 10,000 ಕ್ಯಾಂಡೆಲಾ. ಹೆಲ್ಮೆಟ್ ಲೈಟಿಗೆ ಅದು ಹೇಳಿ ಮಾಡಿಸಿದಂತಿದೆ.

ಅದೇ ಮಾನದಂಡದಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಲ್ಯೂಮೆನ್ ಅಳೆಯುವುದು ಲೈಟ್ ಹಚ್ಚಿದ ಮೊದಲ ಎರಡು ನಿಮಿಷದೊಳಗೆ, ರನ್‌ಟೈಮ್ ಎಣಿಸುವುದು ಬೆಳಕು ಆರಂಭದ ಶೇ. 10ಕ್ಕೆ ಕುಸಿಯುವ ತನಕ. ಆದ್ದರಿಂದ "1200 ಲ್ಯೂಮೆನ್, 3 ಗಂಟೆ" ಎನ್ನುವ ಲೈಟ್ ಐದೇ ನಿಮಿಷಕ್ಕೆ 400ಕ್ಕೆ ಇಳಿದು, ಆಮೇಲೆ ಮಿಣಮಿಣ ಉರಿದು ಮೂರು ಗಂಟೆ ತುಂಬಿಸಬಹುದು. ಬರೆದದ್ದು ಸುಳ್ಳಲ್ಲ, ಇಳಿಜಾರಿನಲ್ಲಿ ಪ್ರಯೋಜನವೂ ಇಲ್ಲ. ಸಮಯಕ್ಕೆ ತಕ್ಕಂತೆ ಬೆಳಕು ಹೇಗೆ ಇಳಿಯುತ್ತದೆ ಎಂಬ ಗ್ರಾಫ್ ಕೊಡುವ ಕಂಪನಿಯ ಲೈಟಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ.

ಗ್ರಾಫ್ ಇಲ್ಲದಿದ್ದರೆ ಬ್ಯಾಟರಿಯಿಂದ ಲೆಕ್ಕ ಹಾಕಿ. ಒಳ್ಳೆಯ ಎಲ್‌ಇಡಿ ಲೈಟ್ ಒಂದು ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಹೊರಗೆ ಕೊಡುತ್ತದೆ. 18650 ಎಂಬ ಅಳತೆಯ ಲಿಥಿಯಂ ಸೆಲ್ 3.6 ವೋಲ್ಟ್, 3500 ಎಂಎಎಚ್ (ಮಿಲಿಆಂಪಿಯರ್-ಅವರ್) ಆದರೆ ಅದರಲ್ಲಿರುವುದು 12.6 ವ್ಯಾಟ್-ಅವರ್ (12.6 ವ್ಯಾಟ್ ಒಂದು ಗಂಟೆ ಕೊಡುವಷ್ಟು ಶಕ್ತಿ). ಅಂದರೆ 1000 ಲ್ಯೂಮೆನ್‌ಗೆ ಒಂದೂಕಾಲು ಗಂಟೆ, ಅಷ್ಟೇ. ದಪ್ಪನೆಯ 21700 ಸೆಲ್, 5000 ಎಂಎಎಚ್‌ನದಾದರೆ 18 ವ್ಯಾಟ್-ಅವರ್, ಒಂದೂಮುಕ್ಕಾಲು ಗಂಟೆ. ಎರಡು 18650 ಸೆಲ್‌ನ ಪುಟ್ಟ ಲೈಟ್ 8000 ಲ್ಯೂಮೆನ್ ಕೊಡುತ್ತದೆಂದರೆ ಅದು 80 ವ್ಯಾಟ್ ಎಳೆಯಬೇಕು. ಸೆಲ್ ಇಪ್ಪತ್ತು ನಿಮಿಷವೂ ಬಾಳದು, ಅಂಗೈಯಗಲದ ಲೋಹ ಆ ಬಿಸಿಯನ್ನು ಹೊರಹಾಕಲಾರದು. ಅಂಥ ಸಂಖ್ಯೆ ಕಂಡಲ್ಲಿ ಅದನ್ನು ಬಿಟ್ಟು ಬೇರೆ ಲೈಟ್ ನೋಡಿ. 18650 ಸೆಲ್ ಮೇಲೆ 9900 ಎಂಎಎಚ್ ಎಂದು ಬರೆದಿದ್ದರೂ ಅಷ್ಟೇ. ಅಡುಗೆಮನೆಯ ತಕ್ಕಡಿಯಲ್ಲಿಡಿ: ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, ನಕಲಿ ಎಷ್ಟೋ ಸಲ 30ರ ಆಸುಪಾಸು. ಎಂಎಎಚ್ ಒಂದನ್ನೇ ಹೋಲಿಸಲೂ ಬೇಡಿ. 7.2 ವೋಲ್ಟ್‌ನ 5200 ಎಂಎಎಚ್ ಪ್ಯಾಕ್, 3.6 ವೋಲ್ಟ್‌ನ 10,400 ಎಂಎಎಚ್ ಪ್ಯಾಕ್ ಎರಡರಲ್ಲೂ ಇರುವ ಶಕ್ತಿ ಒಂದೇ. ವೋಲ್ಟನ್ನು ಗುಣಿಸಿ ವ್ಯಾಟ್-ಅವರ್‌ನಲ್ಲಿ ನೋಡಿ.

ನಿಮ್ಮ ಸವಾರಿಗೆ ಎಷ್ಟು ಬೇಕು? ಏರು ಒಂದು ಗಂಟೆ, ಹ್ಯಾಂಡಲ್ ಲೈಟ್ 300 ಲ್ಯೂಮೆನ್‌ನಲ್ಲಿ: 3 ವ್ಯಾಟ್-ಅವರ್. ಸಮತಟ್ಟು ಮುಕ್ಕಾಲು ಗಂಟೆ, 600ರಲ್ಲಿ: 4.5. ಇಳಿಜಾರು ಅರ್ಧ ಗಂಟೆ, 1200ರಲ್ಲಿ: 6. ಒಟ್ಟು 13.5. ಸೆಲ್ ಹಳತಾದಂತೆ ಕಸುವು ಕುಗ್ಗುತ್ತದೆ, ದಾರಿ ತಪ್ಪಿದರೆ ಹೊತ್ತು ಹೆಚ್ಚುತ್ತದೆ, ಆದ್ದರಿಂದ 20 ವ್ಯಾಟ್-ಅವರ್ ಇಟ್ಟುಕೊಳ್ಳಿ. ಹೆಲ್ಮೆಟ್ ಲೈಟಿಗೆ ಒಂದೇ 18650 ಸಾಕು, ಏರಿನಲ್ಲಿ ಅದನ್ನು ಉರಿಸುವ ಅಗತ್ಯವೇ ಇಲ್ಲ. ಏರಿನಲ್ಲಿ ಪೂರ್ತಿ ಬೆಳಕು ಇಡಬಾರದು ಎನ್ನಲು ಇನ್ನೂ ಒಂದು ಕಾರಣವಿದೆ. ಇಂಥ ಲೈಟುಗಳು ಎದುರುಗಾಳಿಗೆ ತಣ್ಣಗಾಗುವಂತೆ ಮಾಡಿದವು. ನಿಧಾನವಾಗಿ ಹತ್ತುವಾಗ ಮೈ ಕಾದು ತಾವಾಗಿಯೇ ಬೆಳಕು ಇಳಿಸಿಕೊಳ್ಳುತ್ತವೆ, ನೆತ್ತಿ ತಲುಪಿ ಇಳಿಯಲು ಹೊರಟಾಗ ಬೇಕಾದ ಬೆಳಕು ಇರುವುದಿಲ್ಲ. ಗುಂಪು ನಿಂತು ಹರಟುವಾಗಲೂ ಕನಿಷ್ಠ ಮೋಡ್‌ಗೆ ಇಳಿಸಿ.

ಮೌಂಟ್ ಬಗ್ಗೆ ಜಿಪುಣತನ ಬೇಡ. ಹೊಸ ಎಂಟಿಬಿಗಳ ಹ್ಯಾಂಡಲ್‌ಬಾರ್ ನಡುಭಾಗ 31.8 ಅಥವಾ 35 ಮಿ.ಮೀ. ದಪ್ಪ, ಹಳೆಯವು 25.4. ಕೊಳ್ಳುವ ಮುನ್ನ ಅಳೆಯಿರಿ. ರಬ್ಬರ್ ಪಟ್ಟಿಯ ಮೌಂಟ್ ರಸ್ತೆಗೆ ಸರಿ, ಕಲ್ಲುದಾರಿಯಲ್ಲಿ ಲೈಟ್ ನಿಧಾನಕ್ಕೆ ಮುಂದಕ್ಕೆ ಬಾಗಿ ಗಾಲಿಯನ್ನೇ ತೋರಿಸತೊಡಗುತ್ತದೆ. ಸ್ಕ್ರೂ ಬಿಗಿಯುವ ಲೋಹದ ಕ್ಲಾಂಪ್ ಇರಲಿ. ಬ್ರೇಕ್ ಹೋಸ್, ಗೇರ್ ಕೇಬಲ್ ಬೀಮ್‌ಗೆ ಅಡ್ಡ ಬಂದರೆ ದಾರಿಯ ಮೇಲೆ ಕಪ್ಪು ಗೆರೆ ಕುಣಿಯುತ್ತದೆ, ಲೈಟನ್ನು ಸ್ಟೆಮ್‌ನ (ಹ್ಯಾಂಡಲ್‌ಬಾರನ್ನು ಫೋರ್ಕ್‌ಗೆ ಜೋಡಿಸುವ ತುಂಡಿನ) ಮುಂದಕ್ಕೆ ತನ್ನಿ. ಹೆಲ್ಮೆಟ್ ಮೇಲಿನ ಭಾರ 150 ಗ್ರಾಂ ಒಳಗಿದ್ದರೆ ಒಳ್ಳೆಯದು. ಹೆಚ್ಚಾದರೆ ಪ್ರತಿ ಕುಲುಕಿಗೂ ಹೆಲ್ಮೆಟ್ ಹಣೆಗೆ ಜಾರುತ್ತದೆ, ಕತ್ತು ನೋಯುತ್ತದೆ. ಕೊಂಬೆಗೆ ಸಿಕ್ಕಿಕೊಂಡರೆ ಬಿಟ್ಟುಕೊಳ್ಳುವಂಥ ವೆಲ್ಕ್ರೋ ಮೌಂಟ್ ಇರಲಿ, ಬೋಲ್ಟ್ ಹಾಕಿ ಭದ್ರ ಮಾಡಿದ್ದು ಕತ್ತನ್ನೇ ಎಳೆಯುತ್ತದೆ.

ಬೀಮ್ ಹೊಂದಿಸುವುದು ಹೊರಡುವ ಮುಂಚೆಯೇ ಆಗಬೇಕು, ಸೈಕಲ್ ಮೇಲೆ ಕೂತು, ಫೋರ್ಕ್ ಮೈಭಾರಕ್ಕೆ ತಗ್ಗಿದ ಮೇಲೆ. ಹ್ಯಾಂಡಲ್ ಬೀಮ್‌ನ ಹೊಳಪಾದ ನಡುಭಾಗ 8ರಿಂದ 10 ಮೀಟರ್ ಮುಂದೆ ಬೀಳಲಿ. ಹೆಲ್ಮೆಟ್‌ನದು, ಸಹಜವಾಗಿ ತಲೆಯೆತ್ತಿ ದಾರಿ ನೋಡಿದಾಗ, 20 ಮೀಟರ್‌ನಲ್ಲಿ.

ಬಟನ್ ಒತ್ತುತ್ತಾ ಹೋದಾಗ ಮೋಡ್‌ಗಳ ಸುತ್ತಿನಲ್ಲಿ ಸ್ಟ್ರೋಬ್ (ವೇಗವಾಗಿ ಮಿನುಗುವ ಮೋಡ್) ಅಥವಾ ಆಫ್ ಬರುವ ಲೈಟ್ ಟ್ರೇಲ್‌ಗೆ ಬೇಡವೇ ಬೇಡ. ಇಳಿಜಾರಿನ ಮಧ್ಯೆ ಒಂದು ಒತ್ತು ಹೆಚ್ಚಾದರೆ ಕಣ್ಣಿಗೆ ಕತ್ತಲೆ ಕವಿಯುತ್ತದೆ. ನೀರು ತಡೆಯುವ ಮಟ್ಟವನ್ನು ಐಪಿಎಕ್ಸ್ ಅಂಕಿ ಹೇಳುತ್ತದೆ: ಐಪಿಎಕ್ಸ್4 ಚಿಮುಕು ಹನಿಗೆ ಸಾಕು, ಮಲೆನಾಡಿನ ಮಳೆಗೆ ಐಪಿಎಕ್ಸ್6 ಇರಲಿ. ಚಾರ್ಜಿಂಗ್ ಪೋರ್ಟ್ ಒದ್ದೆಯಿದ್ದಾಗ ಕೇಬಲ್ ಚುಚ್ಚಬೇಡಿ.

ಬೆಳಕಿನ ಬಣ್ಣಕ್ಕೂ ಬೆಲೆಯಿದೆ. 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ನೀಲಿಛಾಯೆಯ ಬಿಳಿಗಿಂತ 4000ದಿಂದ 5000 ಕೆಲ್ವಿನ್‌ನ ಬೆಳಕಿನಲ್ಲಿ ನಮ್ಮ ಕೆಂಪು ಮಣ್ಣು, ಕಂದು ಬೇರು ಬೇರೆಬೇರೆಯಾಗಿ ಕಾಣುತ್ತವೆ. ಮಳೆ ಬಿದ್ದ ಕೆಮ್ಮಣ್ಣು ಬೆಳಕನ್ನು ನುಂಗುತ್ತದೆ, ಬೇಸಿಗೆಯಲ್ಲಿ ಸಾಕಾಗಿದ್ದ ಮೋಡ್ ಆಗ ಸಾಲದು. ಮಂಜಿನಲ್ಲಿ ಮತ್ತು ಮುಂದಿನ ಸವಾರ ಎಬ್ಬಿಸಿದ ಧೂಳಿನಲ್ಲಿ ಕಥೆ ಉಲ್ಟಾ. ಕಣ್ಣಿನ ಪಕ್ಕದಲ್ಲೇ ಇರುವ ಹೆಲ್ಮೆಟ್ ಲೈಟ್ ಎದುರಿಗೆ ಬಿಳಿ ಗೋಡೆ ಕಟ್ಟುತ್ತದೆ. ಅದನ್ನು ತಗ್ಗಿಸಿ ಅಥವಾ ಆರಿಸಿ, ಹ್ಯಾಂಡಲ್ ಲೈಟೊಂದರಲ್ಲೇ ನಿಧಾನಕ್ಕೆ ಸಾಗಿ. ಮೊದಲ ಮಳೆಯ ರಾತ್ರಿ ರೆಕ್ಕೆ ಗೆದ್ದಲು ಸೀದಾ ಮುಖಕ್ಕೆ ನುಗ್ಗುತ್ತವೆ, ಬಣ್ಣವಿಲ್ಲದ ಕನ್ನಡಕ ಹಾಕಿಕೊಳ್ಳಿ.

ಎಲ್ಲಿ ಓಡಿಸುವುದು ಎನ್ನುವುದನ್ನೂ ಹೇಳಲೇಬೇಕು. ಬೆಂಗಳೂರಿನ ತುರಹಳ್ಳಿಯಂಥ ಅರಣ್ಯ ಇಲಾಖೆಯ ಜಾಗಗಳಿಗೆ ಕತ್ತಲಲ್ಲಿ ಹೋಗಬೇಡಿ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ, ಚಿರತೆ, ಕರಡಿ ಓಡಾಡುವ ಹೊತ್ತೂ ಅದೇ. ಹೊಲದ ನಡುವಿನ ಬಂಡಿದಾರಿ, ಕೆರೆ ಏರಿ, ಮಾಲೀಕರು ಒಪ್ಪಿದ ತೋಟದ ದಾರಿಗಳು ರಾತ್ರಿ ಸವಾರಿಗೆ ತಕ್ಕ ಜಾಗ. ಕೊಡಗು, ಸಕಲೇಶಪುರದ ಕಾಫಿ ತೋಟವಾದರೆ ಆನೆ ಯಾವ ಕಡೆ ಇದೆಯೆಂದು ಅಂದೇ ತೋಟದವರನ್ನು ಕೇಳಿ, ಹತ್ತಿರದಲ್ಲಿದ್ದರೆ ಸವಾರಿ ಬಿಡಿ. ಆ ಅಪಾಯಕ್ಕೆ ಲೈಟು ಪರಿಹಾರವಲ್ಲ.

ನಿಮ್ಮ ಹಳೆಯ 400 ಲ್ಯೂಮೆನ್ ಲೈಟ್ ಪೂರ್ತಿ ಚಾರ್ಜ್ ಆಗಿ ಬ್ಯಾಗಿನಲ್ಲಿರಲಿ. ಮುಖ್ಯ ಲೈಟ್ ಕೆಟ್ಟರೆ ಮನೆ ಸೇರಲು, ಪಂಕ್ಚರ್ ಹಾಕಲು ಅದೇ ಗತಿ. ಟ್ರೇಲ್‌ಗೆ ಹೋಗುವ ಹಳ್ಳಿ ರಸ್ತೆಯಲ್ಲೂ ಮುಂದೆ ಅದನ್ನೇ ಹಾಕಿಕೊಳ್ಳಿ. ಮೇಲಕ್ಕೂ ಚೆಲ್ಲುವ, ಮೇಲಂಚು ಕತ್ತರಿಸಿರದ 1500 ಲ್ಯೂಮೆನ್ ಬೀಮ್ ಎದುರು ಬರುವ ಬೈಕ್ ಸವಾರನ ಕಣ್ಣು ಕುಕ್ಕುತ್ತದೆ. ಹೆಲ್ಮೆಟ್ ಲೈಟನ್ನಂತೂ ರಸ್ತೆಯಲ್ಲಿ ಆರಿಸಿಯೇ ಇಡಿ, ಯಾರಾದರೂ ಎದುರಾದರೆ ಅವರ ಮುಖ ನೋಡುತ್ತೀರಿ, ಬೆಳಕೂ ಅಲ್ಲೇ ಬೀಳುತ್ತದೆ. ಹಿಂದಿನ ಕೆಂಪು ಲೈಟ್ ರಸ್ತೆಯಲ್ಲಿ ಕಡ್ಡಾಯವಾಗಿ ಉರಿಯಲಿ. ಟ್ರೇಲ್ ಒಳಗೆ ಹೋದ ಮೇಲೆ ಅದನ್ನು ಮಿನುಗದಂತೆ ಕನಿಷ್ಠಕ್ಕೆ ಇಳಿಸಿ, ಇಲ್ಲವಾದರೆ ನಿಮ್ಮ ಹಿಂದಿರುವವರಿಗೆ ದಾರಿಗಿಂತ ಅದೇ ಹೆಚ್ಚು ಕಾಣುತ್ತದೆ.