ಮಾಲೀಕರನ್ನು ಜಾಂಗೋಗೆ ಒಪ್ಪಿಸುವುದು: ಅಧ್ಯಯನ ಟಿಪ್ಪಣಿ

ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ ಅಂದುಕೊಳ್ಳಿ. ನಾಲ್ಕೈದು ಜನ, ಹಳೆಯ ಪಿಎಚ್‌ಪಿ ಕೋಡ್. ನಿಮಗೆ ಜಾಂಗೋ (ಪೈಥಾನ್ ಭಾಷೆಯಲ್ಲಿ ವೆಬ್ ಸಾಫ್ಟ್‌ವೇರ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟು, ಅಂದರೆ ಫ್ರೇಮ್‌ವರ್ಕ್) ಬೇಕು, ಮಾಲೀಕರಿಗೆ ನಂಬಿಕೆ ಇಲ್ಲ.

ಫ್ರೇಮ್‌ವರ್ಕ್ ಹೊಗಳುತ್ತಾ ಮಾತು ಶುರು ಮಾಡಬೇಡಿ. "ಒಂದು ಕಾಲಂ ಸೇರಿಸೋಕೆ ಇಷ್ಟು ದಿನ ಯಾಕಪ್ಪಾ?" ಅಂತ ಅವರೇ ಕೇಳುತ್ತಿರುತ್ತಾರಲ್ವಾ, ಅಲ್ಲಿಂದ ಶುರು ಮಾಡಿ.

ಹರಾಜಿನ ಲಾಟ್‌ಗೆ ಒಂದು ಮಾಡೆಲ್ (ಡೇಟಾಬೇಸ್ ಟೇಬಲ್ ಹೇಗಿರಬೇಕು ಅಂತ ಹೇಳುವ ಕೋಡ್) ಬರೆಯಿರಿ: ರೈತರ ಹೆಸರು, 15 ಕೆಜಿ ಬಾಕ್ಸ್ ಎಷ್ಟು, ಬಾಕ್ಸ್‌ಗೆ ದರ, ದಿನಾಂಕ. ಮೈಗ್ರೇಷನ್ ಓಡಿಸಿ (ಡೇಟಾಬೇಸ್‌ನಲ್ಲಿ ಆ ಟೇಬಲ್ ಮಾಡುವ ಹೆಜ್ಜೆ), ಜಾಂಗೋ ಜೊತೆಗೇ ಬರುವ ನಿರ್ವಹಣಾ ಪುಟವಾದ ಅಡ್ಮಿನ್‌ನಲ್ಲಿ ರಿಜಿಸ್ಟರ್ ಮಾಡಿ. ಲಾಗಿನ್, ಫಾರಂ, ತಿದ್ದುವ ಪುಟ ಎಲ್ಲ ಸಿದ್ಧ. ಅವರ ಮುಂದೆಯೇ ಒಂದು ದರ ಬದಲಿಸಿ, ಹಿಸ್ಟರಿ ಪುಟ ತೆರೆಯಿರಿ. ಯಾರು, ಯಾವಾಗ, ಯಾವ ಕಾಲಂ ತಿದ್ದಿದರು ಅಂತ ಕಾಣುತ್ತದೆ. ದರದ ಜಗಳ ಬಿಡಿಸಿ ಸಾಕಾದವರಿಗೆ ಇದರ ಬೆಲೆ ಗೊತ್ತು. ಆದರೆ ಹಳೆಯ ದರ ಎಷ್ಟಿತ್ತು ಅನ್ನೋದನ್ನು ಆ ಪುಟ ಇಡುವುದಿಲ್ಲ. ಅದನ್ನೂ ಆಗಲೇ ಹೇಳಿಬಿಡಿ.

ಇನ್ನೊಂದು ಪ್ರಯೋಗ. ಹಳೆಯ ಸಾಫ್ಟ್‌ವೇರಿನ ಟೆಸ್ಟ್ ಕಾಪಿಯಲ್ಲಿ ಹುಡುಕುವ ಜಾಗಕ್ಕೆ ಒಂದು ಸಿಂಗಲ್ ಕೋಟ್ ಹಾಕಿ. ಅಲ್ಲಿ ಟೈಪ್ ಮಾಡಿದ ಹೆಸರನ್ನು ನೇರವಾಗಿ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಸಾಲಿಗೆ ಅಂಟಿಸಿದ ಕೋಡ್ ಆಗಿದ್ದರೆ ಎರರ್ ಬರುತ್ತದೆ. ಡೇಟಾ ಕದಿಯುವವರು ನುಗ್ಗುವುದೂ ಇದೇ ಕಿಂಡಿಯಿಂದ. ಜಾಂಗೋ ಓಆರ್‌ಎಂ (ಪೈಥಾನ್ ಕೋಡನ್ನು ಎಸ್‌ಕ್ಯೂಎಲ್ ಆಗಿಸುವ ಭಾಗ) ಆ ಹೆಸರನ್ನು ಪ್ಯಾರಾಮೀಟರ್ ಆಗಿ ಬೇರೆಯೇ ಕಳಿಸುತ್ತದೆ, ಹಾಗಾಗಿ ಅದು ಆದೇಶದ ಭಾಗವಾಗಿ ಓಡುವುದಿಲ್ಲ.

ಈಗ ಕಷ್ಟದ ಪ್ರಶ್ನೆ: "ನೀನು ನಾಳೆ ಬೆಂಗಳೂರಿಗೆ ಹೋದ್ರೆ ಇದನ್ನ ಯಾರು ನೋಡ್ಕೋತಾರೆ?" ನನಗೆ ಇದು ತುಂಬಾ ನ್ಯಾಯವಾದ ಪ್ರಶ್ನೆ ಅನ್ನಿಸುತ್ತದೆ. ಈಗಿನ ಕೋಡ್ ಅರ್ಥವಾಗುವುದು ಬರೆದವರಿಗೆ ಮಾತ್ರ. ಜಾಂಗೋದಲ್ಲಿ ಮಾಡೆಲ್, ವ್ಯೂ (ಪುಟ ತಯಾರಿಸುವ ಕೋಡ್), ಯುಆರ್‌ಎಲ್ (ಪುಟದ ವಿಳಾಸ) ಎಲ್ಲೆಲ್ಲಿ ಇರುತ್ತವೆ ಅಂತ ಅದನ್ನು ಕಲಿತ ಯಾರಿಗಾದರೂ ಗೊತ್ತಿರುತ್ತದೆ. 2005ರಿಂದ ಎಲ್ಲರಿಗೂ ಸಿಗುತ್ತಿದೆ, ಬಿಎಸ್‌ಡಿ ಅನ್ನುವ ಮುಕ್ತ ಲೈಸೆನ್ಸ್, ದುಡ್ಡು ಕೊಡಬೇಕಿಲ್ಲ. 2025ರ ಏಪ್ರಿಲ್‌ನಲ್ಲಿ ಬಂದ 5.2 ಆವೃತ್ತಿಗೆ 2028ರ ಏಪ್ರಿಲ್‌ವರೆಗೆ ಸೆಕ್ಯುರಿಟಿ ಅಪ್‌ಡೇಟ್ ಇದೆ. ಖರ್ಚಿನ ಕಡೆ ಕಲಿಯುವ ಸಮಯ ಮತ್ತು ಮುಂದಿನ ಅಪ್‌ಗ್ರೇಡ್ ಕೆಲಸ ಬರೆಯಿರಿ. ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಜಾಂಗೋ ಓಡಿಸುವುದು ಪಿಎಚ್‌ಪಿ ಓಡಿಸುವಷ್ಟು ಸುಲಭವೂ ಅಲ್ಲ.

ಎಲ್ಲವನ್ನೂ ಹೊಸದಾಗಿ ಬರೆಯುತ್ತೇವೆ ಅಂತ ಮಾತ್ರ ಹೇಳಬೇಡಿ. ಸೀಸನ್‌ನಲ್ಲಿ ಬಿಲ್ಲಿಂಗ್ ನಿಂತರೆ ಮಂಡಿಯೇ ನಿಂತಂತೆ. ಒಂದೇ ಒಂದು ವರದಿ ಪುಟಕ್ಕೆ ಅನುಮತಿ ಕೇಳಿ. ಜಾಂಗೋದ ಇನ್‌ಸ್ಪೆಕ್ಟ್‌ಡಿಬಿ ಕಮಾಂಡ್ ಈಗಿರುವ ಟೇಬಲ್‌ಗಳನ್ನು ಓದಿ ಮಾಡೆಲ್ ಬರೆದುಕೊಡುತ್ತದೆ. ಆ ಮಾಡೆಲ್‌ಗಳಲ್ಲಿ 'ಮ್ಯಾನೇಜ್ಡ್' ಅನ್ನೋದು ಫಾಲ್ಸ್ ಆಗಿರುವುದರಿಂದ ಮೈಗ್ರೇಷನ್ ಆ ಟೇಬಲ್‌ಗಳ ರಚನೆಯನ್ನು ಮುಟ್ಟುವುದಿಲ್ಲ. ಬಿಲ್ಲಿಂಗ್ ಪಿಎಚ್‌ಪಿಯಲ್ಲೇ ನಡೆಯಲಿ. (ನಿಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದು ಅದು ತುಂಬಾ ಹಳೆಯದಾಗಿದ್ದರೆ ಜಾಂಗೋ 5.2 ಓಡುವುದಿಲ್ಲ, ಕನಿಷ್ಠ 8.0.11 ಬೇಕು. ಮೊದಲೇ ನೋಡಿಕೊಳ್ಳಿ.)

ವರದಿ ಪುಟಕ್ಕೆ ಬಿಲ್ ಟೇಬಲ್‌ಗಳನ್ನು ಓದಲು ಮಾತ್ರ ಬಿಡುವ ಡೇಟಾಬೇಸ್ ಯೂಸರ್ ಕೊಡಿ. ಜಾಂಗೋದ ಲಾಗಿನ್ ಟೇಬಲ್‌ಗಳು ಬೇರೆ ಡೇಟಾಬೇಸ್‌ನಲ್ಲಿರಲಿ. ಆಗ "ಬಿಲ್‌ಗೆ ಏನಾದ್ರೂ ಆದ್ರೆ?" ಅಂತ ಕೇಳಿದರೆ, "ಈ ಪುಟದಿಂದ ಬಿಲ್ ತಿದ್ದೋಕೆ ಆಗೋದೇ ಇಲ್ಲ ಸರ್" ಅಂತ ಧೈರ್ಯವಾಗಿ ಹೇಳಬಹುದು.